ರೊಟ್ಟಿಯ ಸಪ್ಪಳ ನಿಂತ ಮನೆ

ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನುಗಳ ಹಿಂದೆ ಒಂದು ಓಣಿ. ಅಲ್ಲಿ ಅಡುಗೆಯ ಹೊತ್ತಾಯಿತೆಂದರೆ ಮನೆಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಕೇಳದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಭಾಗಣ್ಣನ ಮನೆಯಲ್ಲಿ ಆ ಸಪ್ಪಳ ನಿಂತು ತಿಂಗಳಾಗುತ್ತ ಬಂದಿತ್ತು. ಅವನ ಹೆಂಡತಿ ಶಿವಕಾಂತಮ್ಮ ಹಿಟ್ಟಿನ ಡಬ್ಬಿಯನ್ನು ಸೆರಗಿನಡಿ ಹಿಡಿದು ಪಕ್ಕದ ಭೀಮಮ್ಮನ ಮನೆಗೆ ಹೋಗುತ್ತಿದ್ದಳು. ಅಲ್ಲೇ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು.

"ಯಾಕವ್ವ, ನಿಮ್ಮ ಒಲಿಗಿ ಏನಾಗ್ಯಾದ?" ಭೀಮಮ್ಮ ಒಂದು ದಿನ ಕೇಳಿಯೇಬಿಟ್ಟಳು.

"ಒಲಿ ಛಲೋ ಅದ. ಒಲಿ ಮುಂದ ಕೂಡೋಕಿಗಿ ಸಾಕಾಗ್ಯಾದ. ಭಾಂಡಿ ಸಪ್ಪಳ ಆಗಬಾರ್ದು, ಫ್ಯಾನ್ ಹಚ್ಚಬಾರ್ದು, ಟೀವಿ ಬ್ಯಾಡ. ಮನ್ಯಾಗ ಕಳ್ಳರಂಗ ತಿರಗಾಡ್ಲಿಕತ್ತೀನಿ."

ಗೋಡೆಯ ಈಚೆ ಮಲಗಿದ್ದ ಭಾಗಣ್ಣನಿಗೆ ಈ ಮಾತು ಕೇಳಿಸಿತು. ಬೇಜಾರಾಯಿತು. ಎದ್ದು ಏನಾದರೂ ಹೇಳೋಣವೆಂದರೆ ನಿದ್ದೆಗೆಟ್ಟ ಮೈಯಲ್ಲಿ ಏಳುವಷ್ಟು ತ್ರಾಣವಿರಲಿಲ್ಲ. ಹೆಂಡತಿಯ ಮಾತಿನ ನಡುವೆಯೂ, ಫ್ಯಾನಿಲ್ಲದ ಆ ಸೆಖೆಯಲ್ಲೂ ಅವನ ಕಿವಿಯೊಳಗೆ ಒಂದು ಸದ್ದು ಬಿಡದೆ ಕುಯ್‌ಗುಡುತ್ತಿತ್ತು. ತೊಗರಿ ಹೊಲದಲ್ಲಿ ಹುಳಗಳು ಒಂದೇ ಸಮ ಕೂಗಿದಂತೆ. ಹುಳಗಳಾದರೂ ನಡುವೆ ಸುಮ್ಮನಾಗುತ್ತವೆ, ಇದು ಆಗುತ್ತಿರಲಿಲ್ಲ.

ಭಾಗಣ್ಣನದು ಕಿವಿಯ ಕೆಲಸ. ಕೊಯ್ದ ಫರಸಿಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆ ಸುತ್ತಿಗೆಯಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿ ನೋಡುತ್ತಿದ್ದ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಸೀಳಿದ್ದರೆ ಸದ್ದು ಮಂದವಾಗಿ ಅಲ್ಲೇ ಸತ್ತುಹೋಗುತ್ತದೆ. ಭಾಗಣ್ಣ "ಹೂಂ" ಎಂದ ಕಲ್ಲನ್ನು ಹಮಾಲರು ಹಿಂದೆ ಮುಂದೆ ನೋಡದೆ ಎತ್ತಿ ಲಾರಿಗೆ ಹಾಕುತ್ತಿದ್ದರು. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು. ಕೊಯ್ಯುವ ಮಷೀನಿನ ಪಕ್ಕದಲ್ಲೇ ಅವನ ಜಾಗ. ಕಿವಿಗೆ ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ; ಹಾಕಿಕೊಂಡರೆ ಕಲ್ಲಿನ ಮಾತು ಕೇಳುವುದು ಹೇಗೆ?

ಕಿವಿಯಲ್ಲಿ ಸದ್ದು ಶುರುವಾದ ಮೇಲೆ ಎಲ್ಲ ಕಲ್ಲೂ ಠಣ್ ಎನ್ನತೊಡಗಿದವು. ಯಾರಿಗೂ ಹೇಳಲಿಲ್ಲ. ಒಂದು ದಿನ ಅವನು ಹೂಂ ಎಂದ ಫರಸಿ ಎತ್ತುವಾಗಲೇ ಎರಡಾಯಿತು. ಒಂದು ತುಂಡು ಅಸದನ ಕಾಲಿನ ಪಕ್ಕದಲ್ಲೇ ಬಿತ್ತು. ಅಸದ ಅವನ ಹಳೆಯ ಗೆಳೆಯ, ಮೊದಲು ಮಷೀನು ನಡೆಸುತ್ತಿದ್ದವನು, ಈಗ ಹಮಾಲಿ.

"ಕಾಲು ಉಳೀತು, ಚಪ್ಪಲಿ ಖಲಾಸ್," ಎಂದು ಅಸದ ನಕ್ಕ.

ಭಾಗಣ್ಣನಿಗೆ ನಗು ಬರಲಿಲ್ಲ. ಜ್ವರ ಬಂದಿದೆ ಎಂದು ಹೇಳಿ ಮನೆಗೆ ಬಂದವನು ಮತ್ತೆ ಹೋಗಲೇ ಇಲ್ಲ. ಹೋದರೆ ಯಾರದೋ ಕಾಲು ಮುರಿಯುತ್ತದೆ. ಹೇಳಿದರೆ ಕೆಲಸ ಹೋಗುತ್ತದೆ. ಅಥವಾ ತಲೆ ಕೆಟ್ಟಿದೆ ಅನ್ನುತ್ತಾರೆ. ತಲೆಯಲ್ಲೇ ಯಾವುದೋ ನರ ಒಡೆಯುತ್ತಿರಬಹುದು ಎಂಬ ಯೋಚನೆ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು ನೋಡಿದ. ಕಡ್ಡಿ ಹಾಕಿ ನೋಡಿದ. ಕೊನೆಗೆ, ಹೊರಗಿನ ಸಪ್ಪಳ ನಿಂತರೆ ಒಳಗಿನದೂ ನಿಂತೀತು ಎಂದು ಹೆಂಡತಿಗೆ ಮಾತ್ರ ಹೇಳಿ, ಮನೆಯನ್ನೇ ಗಪ್ ಮಾಡಿಸಿದ. ರೊಟ್ಟಿಯ ಸಪ್ಪಳ ನಿಂತದ್ದು ಹೀಗೆ.

ಓಣಿಯ ಆಶಾ ಕಾರ್ಯಕರ್ತೆ ಲುಂಬಿನಿ ಒಂದು ಮಧ್ಯಾಹ್ನ ಬಂದಳು. ಹೊಸ್ತಿಲಲ್ಲೇ ನಿಂತು ಮುಚ್ಚಿದ ಕಿಟಕಿಗಳನ್ನು ನೋಡಿದಳು.

"ಕಾಕಾ, ಮನ್ಯಾಗ ಯಾಕ ಕೋಳಿ ಕಾವಿಗಿ ಕೂಡಿಸ್ದಂಗ ಕುಂತೀರಿ?"

"ಮೆಲ್ಲಕ ಮಾತಾಡವ್ವ," ಎಂದ ಭಾಗಣ್ಣ.

ಶಿವಕಾಂತಮ್ಮನಿಗೆ ಅಷ್ಟೇ ಸಾಕಾಗಿತ್ತು. ಎಲ್ಲವನ್ನೂ ಹೇಳಿಬಿಟ್ಟಳು. ಲುಂಬಿನಿ ನಡುವೆ ಬಾಯಿ ಹಾಕದೆ ಕೇಳಿದಳು.

"ಕಾಕಾ, ಈ ಸದ್ದು ಭಾಳ ಮಂದಿಗಿ ಬರ್ತದ. ತಲಿ ಕೆಟ್ಟದ್ದಲ್ಲ ಇದು. ಮಷೀನಿನ ಸಪ್ಪಳಕ್ಕ ಕಿವಿ ಒಳಗ ಪೆಟ್ಟಾಗಿರಬಹುದು, ಗುಗ್ಗೆ ತುಂಬಿರಬಹುದು, ಬಿ.ಪಿ. ಇರಬಹುದು. ಡಾಕ್ಟರ್ ನೋಡಿದ ಮ್ಯಾಲೇ ಗೊತ್ತಾಗ್ತದ. ಆದ್ರ ಈ ಕಿಟಕಿ ಮುಚ್ಚೋದು ಮೊದಲು ಬಿಡ್ರಿ."

"ಸಪ್ಪಳ ಬಂದ್ರ ಇನ್ನೂ ಹೆಚ್ಚಾಗ್ತದ."

"ಖರೇನು? ಈಗ ಮನಿ ಗಪ್ ಅದ. ನಿಮ್ಮ ಸದ್ದು ಹ್ಯಾಂಗ ಅದ?"

ಭಾಗಣ್ಣ ಕಣ್ಣು ಮುಚ್ಚಿದ. "ದೊಡ್ಡದದ. ತಲಿ ತುಂಬ ಅದೇ ಅದ."

ಲುಂಬಿನಿ ಶಿವಕಾಂತಮ್ಮನ ಕಡೆ ತಿರುಗಿದಳು. "ಕಾಕು, ಹಿಟ್ಟು ಅದ ಏನು? ಒಂದು ರೊಟ್ಟಿ ಬಡೀರಿ."

ಶಿವಕಾಂತಮ್ಮ ಗಂಡನ ಮುಖ ನೋಡಿದಳು. ಅವಳು ಹಿಟ್ಟು ನಾದಿ, ಮೊದಮೊದಲು ಹೆದರಿ ಹೆದರಿ ತಟ್ಟಿದಳು. ಆಮೇಲೆ ಕೈಗೆ ಹಳೆಯ ಲಯ ಬಂತು. ಪಟಪಟ, ಪಟಪಟ. ರೊಟ್ಟಿ ಅಗಲವಾಗುತ್ತ ಹೋಯಿತು.

"ಈಗ ಹೇಳ್ರಿ."

"ಅದ," ಎಂದ ಭಾಗಣ್ಣ. ಇನ್ನೆರಡು ಬಡಿತ ಕೇಳಿ, "ಅದ, ಆದ್ರ ಹಿಂದ ಸರ್ದಂಗ ಆಗ್ಯಾದ," ಎಂದ.

"ಇಷ್ಟೇ ನೋಡ್ರಿ. ಗಪ್ ಇದ್ದ ಮನ್ಯಾಗ ಆ ಸದ್ದಿಗಿ ಪೂರಾ ಜಾಗ ಸಿಗ್ತದ. ಫ್ಯಾನು, ರೇಡಿಯೋ, ಮಂದಿ ಮಾತು, ಹಿಂಗ ಸಣ್ಣ ಸಪ್ಪಳ ಇರಲಿ. ಮತ್ತ ಇನ್ನೊಂದು. ಸದ್ದಿಗಿ ಅಂಜತೀರಿ. ಅಂಜಿದಷ್ಟೂ ಅದನ್ನೇ ಕೇಳ್ತೀರಿ. ಕೇಳಿದಷ್ಟೂ ಅಂಜತೀರಿ. ಎದಿ ಹೊಡ್ಕೊಂಡಾಗ ಕೂತು, ಉಸಿರು ಮೆಲ್ಲಕ ಒಳಗ ತಗೊಂಡು, ಅದಕ್ಕಿಂತ ಮೆಲ್ಲಕ ಬಿಡ್ರಿ."

"ಉಸಿರು ಬಿಟ್ರ ಸದ್ದು ಹೋಗ್ತದೇನು?"

"ಇಲ್ರಿ. ಅಂಜಿಕಿ ಇಳೀತದ."

ಭಾಗಣ್ಣನಿಗೆ ಅರ್ಧ ನಂಬಿಕೆ ಬಂತು, ಅರ್ಧ ಬರಲಿಲ್ಲ. ಸಂಜೆ ಅಸದ ಹಾಲಿನ ಪ್ಯಾಕೆಟ್ ಹಿಡಿದು ಮಾತಾಡಿಸಲು ಬಂದಾಗ, ದಣಿದು ದಣಿದು, ಮುಚ್ಚಿಡುವುದೂ ಸಾಕಾಗಿ, ಭಾಗಣ್ಣ ಅವನಿಗೂ ಹೇಳಿದ. "ಆ ಕಲ್ಲು ನಿನ್ನ ಕಾಲ ಮ್ಯಾಲೆ ಬೀಳ್ತಿತ್ತು, ಅಸದ. ನನಗ ಗೊತ್ತಾಗಲಿಲ್ಲ."

ಅಸದ ಹಾಲಿನ ಪ್ಯಾಕೆಟ್ ಕೆಳಗಿಟ್ಟು ಹತ್ತಿರ ಕೂತ. "ನನ್ನ ಕಿವ್ಯಾಗೂ ಅದ, ಯಾರ್. ಮಷೀನ್ ಬಿಟ್ಟಿದ್ದು ಅದಕ್ಕೇ."

"ಇಷ್ಟು ವರ್ಷ ಹೇಳಲಿಲ್ಲಲ್ಲೋ."

"ನೀ ಹೇಳಿದ್ದೇನು? ನಂದು ಬಾಡಿಗಿ ಕೊಡದ ಬಾಡಿಗಿದಾರ ಇದ್ದಂಗ. ಮೊದಲು ದಿನಾ ಜಗಳ ಮಾಡ್ತಿದ್ದೆ, ಹೊರಗ ಹಾಕ್ಲಿಕ್ಕಿ. ಹೋಗಲಿಲ್ಲ. ಆಮ್ಯಾಲೆ ಹಿಂದಿನ ಖೋಲಿ ಕೊಟ್ಟು ಬಿಟ್ಟೆ. ಇರ್ತಾನ. ಕೆಲವು ದಿನ ನೆನಪೇ ಆಗಲ್ಲ. ಕೆಲವು ದಿನ ಪರೇಶಾನ ಮಾಡ್ತಾನ. ನಡಿ, ನಾಳಿಗಿ ದವಾಖಾನಿಗಿ ಹೋಗೋಣು. ನಾನೂ ತೋರಸ್ತೀನಿ."

ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ಭಾಗಣ್ಣನ ಕಿವಿಯಲ್ಲಿ ಎಣ್ಣೆ ಸೇರಿ ಗಟ್ಟಿಯಾಗಿದ್ದ ಗುಗ್ಗೆ ತೆಗೆದರು. ಇಬ್ಬರಿಗೂ ಶ್ರವಣ ಪರೀಕ್ಷೆ ಮಾಡಿಸಿದರು. ಮಷೀನಿನ ಸಪ್ಪಳದಿಂದ ಸಣ್ಣ, ಚೂಪು ಸದ್ದುಗಳು ಕೇಳುವುದು ಕಡಿಮೆಯಾಗಿದೆ, ತಲೆಯಲ್ಲಿ ನರ ಒಡೆದದ್ದಲ್ಲ ಎಂದರು. ಈ ಸದ್ದನ್ನು ಪೂರ್ತಿ ನಿಲ್ಲಿಸುವ ಗುಳಗಿ ಇಲ್ಲ, ಆದರೆ ಇದರ ಜೊತೆ ಬದುಕುವುದನ್ನು ಕಲಿಯಬಹುದು ಎಂದರು. ಅಂಜಿಕೆ, ನಿದ್ದೆಗೇಡಿನ ಬಗ್ಗೆ ಮಾತಾಡಲು ಭಾಗಣ್ಣನನ್ನು ಮನೋವೈದ್ಯರ ಬಳಿಗೂ ಕಳಿಸಿದರು.

ವಾಪಸು ಬರುವ ರೈಲಿನಲ್ಲಿ ಭಾಗಣ್ಣ, "ಗುಳಗಿ ಇಲ್ಲ ಅಂದ ಮ್ಯಾಲ ಹೋಗಿ ಏನ್ ಬಂತು?" ಎಂದ.

"ನರ ಒಡೀಲಿಕತ್ತದ ಅಂತಿದ್ದಿ. ಒಡದಿಲ್ಲ ಅಂತ ಗೊತ್ತಾಯ್ತಲ್ಲ," ಎಂದ ಅಸದ.

ಅದೂ ಖರೆ ಅನ್ನಿಸಿತು. ಆ ರಾತ್ರಿ ಫ್ಯಾನು ಹಚ್ಚಿ ಮಲಗಿದ. ನಿದ್ದೆ ತಡವಾಗಿ ಬಂತು, ಆದರೆ ಬಂತು. ಮುಂದಿನ ವಾರಗಳೂ ಹಾಗೇ ಕಳೆದವು. ಒಂದು ದಿನ ಹಗುರ, ಒಂದು ದಿನ ಭಾರ.

ಉಳಿದದ್ದು ಕೆಲಸದ ಮಾತು. ಅದನ್ನು ಹೇಳಲು ಅವನಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು. ಫರಸಿ ಅಂಗಳದ ಮಾಲೀಕ ಸಂಗಮೇಶ್ವರನ ಮುಂದೆ, ಹಮಾಲರೆಲ್ಲ ಇರುವಾಗಲೇ ಹೇಳಿದ.

"ಸಾವ್ಕಾರ್ರ, ನನ್ನ ಕಿವಿ ಈಗ ಮೊದಲಿನಂಗ ಇಲ್ಲ. ತಟ್ಟಿ ನೋಡೋದು ಒಂದೇ ನಂಬಬ್ಯಾಡ್ರಿ. ಕಲ್ಲಿಗಿ ನೀರು ಹೊಡದು ಬಿಸಲಾಗ ನಿಲ್ಲಸ್ತೀನಿ. ಎಲ್ಲಾ ಒಣಗಿದ ಮ್ಯಾಲೂ ಸೀಳು ಹಸಿ ಗೆರಿ ಆಗಿ ಉಳೀತದ. ಕಣ್ಣಿಗಿ ಕಾಣ್ತದ. ತಟ್ಟೋದು ನಮ್ಮ ಹಮಾಲಿ ದಶರಥ ಮಾಡ್ಲಿ, ನಾ ಕಲಸ್ತೀನಿ."

ಸಂಗಮೇಶ್ವರ ಗಲ್ಲ ಕೆರೆದುಕೊಂಡ. "ನೀರು ಹೊಡದ್ರ ಲಾರಿ ಲೇಟ್ ಆಗ್ತದಲ್ಲ."

"ಲಾರಿ ನಿಂತ್ರ ನಡೀತದ್ರಿ," ಎಂದ ದಶರಥ. "ನನ್ನ ಕಾಲು ನಿಂತ್ರ ನಡಿಯಂಗಿಲ್ಲ."

ಎಲ್ಲರೂ ನಕ್ಕರು. ಸಂಗಮೇಶ್ವರ ಒಪ್ಪಿದ. ಕೊಯ್ಯುವವರಿಗೆಲ್ಲ ಕಿವಿ ಮುಚ್ಚುವ ಮಫ್ ತರಿಸಲು ಒಪ್ಪಿಸಲಿಕ್ಕೆ ಲುಂಬಿನಿ ಮತ್ತೆ ಮತ್ತೆ ಅಲೆಯಬೇಕಾಯಿತು. ಕೊನೆಗೆ ಅವೂ ಬಂದವು.

ಈಗ ಭಾಗಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಕಿವಿಯಲ್ಲಿ ಸದ್ದು ಇದ್ದೇ ಇದೆ. ಗೋಡೆಗೆ ಒರಗಿ, ಒಲೆಯ ಕಡೆ ಮುಖ ಮಾಡಿ ಕೂರುತ್ತಾನೆ.

"ಹಸಿವಾಗ್ಯಾದೇನು?" ಎನ್ನುತ್ತಾಳೆ ಶಿವಕಾಂತಮ್ಮ.

"ಅವಸರ ಇಲ್ಲ. ಬಡಿ ನೀ," ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುವ ನಿಮ್ಮ ಕಿವಿಯಲ್ಲೂ ಇಂಥ ಸದ್ದು ಇರಬಹುದು, ಮನೆಯಲ್ಲಿ ಯಾರಿಗಾದರೂ ಇದ್ದು ಹೇಳದೆ ಇರಬಹುದು. ಕಿವಿಗೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಆಶಾ ಅಕ್ಕನಿಗೆ ಹೇಳಿ, ಕಿವಿಯ ಡಾಕ್ಟರಿಗೆ ತೋರಿಸಿ. ಕಿವಿ ಒಮ್ಮೆಲೇ ಕೇಳದಂತಾದರೆ, ತಲೆ ತಿರುಗಿದರೆ, ಸದ್ದು ಒಂದೇ ಕಿವಿಯಲ್ಲಿದ್ದರೆ, ಇಲ್ಲವೇ ನಾಡಿ ಬಡಿದಂತೆ ಬಡಿಯುತ್ತಿದ್ದರೆ ತಡ ಮಾಡಲೇಬೇಡಿ. ಮಷೀನಿನ ಹತ್ತಿರ ಕಿವಿ ಮುಚ್ಚಿ, ಮನೆಯಲ್ಲಿ ತೆರೆದಿಡಿ. ಅಂಜಿಕೆ ತಡೆಯಲಾಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ನಿಮ್ಮ ಓಣಿಯ ಯಾವುದಾದರೂ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿದ್ದರೆ, ಒಮ್ಮೆ ಹೋಗಿ ಬಾಗಿಲು ತಟ್ಟಿ ಕೇಳಿ.