ಐದು ಕೋಟೆಗಳ ಅರ್ಥ

ನನ್ನ ಕಾದಂಬರಿಯ ಐದು ಕೋಟೆಗಳ ಹೆಸರು ಲೋಕದ ಯಾವ ಭಾಷೆಯಲ್ಲೂ ಇಲ್ಲ. ಹತ್ತು ವರ್ಷ ತಪಸ್ಸು ಮಾಡಿ ಅವುಗಳ ಭಾಷೆಯನ್ನು ನಾನೇ ಕಟ್ಟಿದೆ ಎಂದು ಸಿಕ್ಕಸಿಕ್ಕ ವೇದಿಕೆಯಲ್ಲೆಲ್ಲ ಕೊಚ್ಚಿಕೊಂಡಿದ್ದೇನೆ. ಕಟ್ಟಿದವಳು ನನ್ನ ಅಕ್ಕ. ಹನ್ನೆರಡನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡು ವರ್ಷವಿಡೀ ಹಾಸಿಗೆ ಹಿಡಿದಿದ್ದಾಗ ನೋಟುಬುಕ್ಕಿನ ತುಂಬ ಅದನ್ನೇ ಬರೆದಿದ್ದಳು. ಮನೆ ಬದಲಾಯಿಸುವಾಗ ಅದು ನನ್ನ ಕೈಗೆ ಸಿಕ್ಕಿತು. ಕಿವಿಗೆ ಇಂಪಾದ ಐದು ಪದ ಎತ್ತಿಕೊಂಡು, ನೋಟುಬುಕ್ಕನ್ನು ರದ್ದಿಗೆ ಹಾಕಿದೆ.

ಎರಡನೇ ಮುದ್ರಣಕ್ಕೆ ಕೋಟೆಗಳ ಹೆಸರಿನ ಮೂಲ ವಿವರಿಸಿ ಒಂದು ಪುಟ ಬರೆದುಕೊಡಿ ಎಂದಳು ಸಂಪಾದಕಿ. ನಾಲ್ಕು ದಿನ ತಿಣುಕಿದೆ. ಕೊನೆಗೆ, ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸವಾಗಲಿ ಎಂದು ಅಕ್ಕನ ಹೊಲಿಗೆ ಅಂಗಡಿಗೆ ಹೋದೆ.

"ಅಕ್ಕಾ, ನೀನು ಚಿಕ್ಕವಳಿದ್ದಾಗ ಏನೋ ಭಾಷೆ ಮಾಡಿದ್ಯಲ್ಲ..."

ಅವಳು ಕಾಜಾ ಹೊಲಿಯುತ್ತಲೇ ಇದ್ದಳು. "ನಿನ್ನ ಪುಸ್ತಕ ಓದ್ದೆ ಕಣೋ. ಲೈಬ್ರರೀಲಿ ಸಿಕ್ತು."

ಊರಿಗೆಲ್ಲ ಹಂಚಿದ ಪುಸ್ತಕವನ್ನು ಅವಳೊಬ್ಬಳಿಗೆ ಬೇಕೆಂದೇ ಕೊಟ್ಟಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಬಂದ ಕೆಲಸ ಬಿಡಲಿಲ್ಲ, ಅಂಥ ಭಂಡ ನಾನು.

"ಎಲ್ಲ ಹೆಸರಿನ ಕೊನೇಲೂ ‘ಮೊರ್’ ಇದೆ. ಅಂದ್ರೆ ಕೋಟೆ ತಾನೇ?"

"ಎಲ್ಲಿಯ ಕೋಟೆನೋ!" ಅಕ್ಕ ನಕ್ಕಳು. "ಮೊರ್ ಅಂದ್ರೆ ‘ಆಗ್ಲಿಲ್ಲ’. ಆಸೆಲ್‌ಮೊರ್, ಕಿಟಕಿ ತನಕ ಹೋಗೋಕಾಗ್ಲಿಲ್ಲ. ತಿರಾಮೊರ್, ಮೆಟ್ಟಿಲು ಇಳಿಯೋಕಾಗ್ಲಿಲ್ಲ. ದಿನಾ ಏನೇನು ಆಗ್ಲಿಲ್ವೋ ಬರ್ಕೋತಿದ್ದೆ ಅಷ್ಟೆ."

ಇನ್ನೆರಡರ ಅರ್ಥವನ್ನೂ ಹೇಳಿ ಮತ್ತೆ ಕಾಜಾ ಹೊಲಿಯಲು ಬಗ್ಗಿದಳು.

"ಲಿಯೆನ್‌ಮೊರ್? ಅದು ರಾಜಧಾನಿ ಅಕ್ಕಾ."

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಅದನ್ನ ಹಾಕ್ಬೇಡ. ಬೇರೆ ಏನಾದ್ರೂ ಬರಿ."

"ಹೇಳಕ್ಕಾ."

"‘ತಮ್ಮ ಬರ್ಲಿಲ್ಲ.’ ಶಾಲೆ ಬಿಟ್ಟ ತಕ್ಷಣ ಬಂದು ಜೊತೇಲಿ ಕೂರ್ತೀನಿ ಅಂತಿದ್ದೆ ನೀನು. ಗೆಳೆಯರು ಕರೆದ್ರೆ ಆಟಕ್ಕೆ ಓಡ್ತಿದ್ದೆ. ಮಕ್ಕಳಲ್ವಾ, ಬಿಡು. ಎಲ್ಲರ ಮುಂದೆ ನಿನಗ್ಯಾಕೆ ಮುಜುಗರ?"

ಇನ್ನೂರು ಪುಟ ಆ ರಾಜಧಾನಿಯನ್ನು ಹಾಡಿಹೊಗಳಿದ್ದೆ. ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಐದೂ ಅರ್ಥಗಳನ್ನು ಅಕ್ಕ ಹೇಳಿದಂತೆಯೇ ಬರೆದು ಕಳಿಸಿದೆ.

ಮಾರನೇ ದಿನ ಸಂಪಾದಕಿಯ ಫೋನು. "ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಬರದೇ ಇದ್ದ ಈ ತಮ್ಮ ಕಾದಂಬರೀಲಿ ಎಲ್ಲೂ ಇಲ್ವಲ್ಲ, ಯಾರು?"

ಸುಳ್ಳು ಹೇಳಲು ಬೇಕಾದಷ್ಟು ಸಮಯವಿತ್ತು.

"ನಾನೇ," ಎಂದೆ. "ಭಾಷೆ ನಂದಲ್ಲ, ಅಕ್ಕಂದು. ಅದನ್ನೂ ಹಾಕಿ."