ನೀರಿನ ಪಟ್ಟಿಯ ಮೊದಲ ಸಾಲು

“ನಿಮ್ಮ ಕೇರಿ ಹೆಸರ ನನ್ನ ಓಣಿ ತಲಿ ಮ್ಯಾಲ ಕುಂತದಲ್ಲ ಬೋಸುಡಿ, ಯಾರನ್ನ ಕೇಳಿ ಕುಂಡ್ರಿಸಿದಿ?”

ಪಂಚಾಯ್ತಿ ಆಫೀಸಿನ ಗೋಡೆಗೆ ಹೊಸದಾಗಿ ತೂಗುಹಾಕಿದ್ದ ಟಿವಿಯತ್ತ ಮಾಲಿಪಾಟೀಲ ಬೆರಳು ಮಾಡಿದ. ಅಧ್ಯಕ್ಷೆ ಅವನ ಹೆಂಡತಿ. ಆಯಮ್ಮ ಆಫೀಸಿನ ಹೊಸ್ತಿಲು ಕಂಡದ್ದು ಪ್ರಮಾಣವಚನದ ದಿನ ಒಂದೇ; ಕುರ್ಚಿಯಲ್ಲಿ ಕೂತು ಬೈಯುವ ಕೆಲಸ ಪೂರ್ತಿ ಇವನದೇ. ರತ್ನಮಾಲಾ ಬಾಗಿಲಾಚೆ ಮೆಟ್ಟಿಲಲ್ಲಿ, ಹಳೇ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂರು ತಿಂಗಳಿಂದ ಅದೇ ಅವಳ ಜಾಗ. ವೈಫೈ ಅಲ್ಲಿವರೆಗೂ ಬರುತ್ತಿತ್ತು, ಅದಕ್ಕಿಂತ ಒಳಗೆ ಅವಳನ್ನು ಯಾರೂ ಕರೆದಿರಲಿಲ್ಲ.

ಟಿವಿಯಲ್ಲಿದ್ದದ್ದು ಅವಳೇ ಬರೆದ ನೀರಿನ ಪಟ್ಟಿ. ಊರಲ್ಲಿ ಆರು ಓಣಿ. ಯಾವ ಓಣಿಗೆ ನಳದ ನೀರು ಬಂದು ಎಷ್ಟು ದಿನವಾಯಿತೆಂದು ಅದು ತೋರಿಸುತ್ತಿತ್ತು; ಹೆಚ್ಚು ದಿನ ಒಣಗಿದ ಓಣಿ ಎಲ್ಲಕ್ಕಿಂತ ಮೇಲೆ. ಮೊದಲ ಸಾಲಿನಲ್ಲಿ ‘ಭೀಮನಗರ – ಹದಿಮೂರು ದಿನ’. ತೀರಾ ಕೆಳಗೆ ‘ಪಾಟೀಲ ಓಣಿ – ಇವತ್ತು’.

“ನಾ ಕುಂಡ್ರಿಸಿಲ್ರಿ ಮಾಲಕ್ರ,” ಎಂದಳು ರತ್ನಮಾಲಾ. “ನೀರ ಬಿಡ್ರಿ, ತಾನ ಕೆಳಗ ಇಳೀತದ.”

ಅಂದುಬಿಟ್ಟಳು, ಅನ್ನಬಾರದಿತ್ತು. ಯಾಕೆಂದರೆ ಇದೇ ಮನುಷ್ಯನ ಕೈಯಿಂದ ಅವಳಿಗೆ ಒಂದು ಕಾಗದ ಬೇಕಿತ್ತು. ಹುಮ್ನಾಬಾದಿನಲ್ಲಿ ಆರು ಜನ ಕೂತು ಸಾಫ್ಟ್‌ವೇರ್ ಬರೆಯುವ ಸಣ್ಣ ಆಫೀಸೊಂದಿತ್ತು. ಅದನ್ನು ನಡೆಸುವ ಅರ್ಷಿಯಾ ಮೇಡಂ ಇವಳ ಮಾರ್ಕ್ಸ್ ಕಾರ್ಡನ್ನು ನೋಡದೇ ಬದಿಗಿಟ್ಟಿದ್ದಳು. ನೀನೇ ಮಾಡಿದ್ದು, ಜನ ದಿನಾ ಬಳಸುವಂಥದ್ದು ಒಂದು ತೋರಿಸು. ಬಳಸುವವರಿಂದ ಸಹಿ ಹಾಕಿ ಶಿಕ್ಕಾ ಮೊಹರು ಹೊಡೆದ ಪತ್ರ ತಾ. ಗುರುವಾರ ಮೂರು ಗಂಟೆಯೊಳಗೆ ಬಾ, ಇರುವುದು ಒಂದೇ ಜಾಗ ಎಂದಿದ್ದಳು. ಬಿಸಿಎ ಮುಗಿಸಿ ಎರಡು ವರ್ಷ ತೊಗರಿ ಹೊಲದಲ್ಲಿ ಸೊಂಟ ಬಗ್ಗಿಸಿದವಳಿಗೆ ಅಂಥ ಮಾತು ಮತ್ತೆ ಯಾರು ಹೇಳುತ್ತಾರೆ? ಮೊದಲು ಅವಳು ಬರೆದದ್ದು ಬಸ್ಸಿನ ವೇಳೆ ಹೇಳುವ ಆ್ಯಪು. ಊರಿಗೆ ಬರುವ ಬಸ್ಸು ತನ್ನ ಮರ್ಜಿಯ ಮೇಲೆ ಬರುತ್ತಿದ್ದರಿಂದ ಅದನ್ನು ಅಪ್ಪ ಮಚ್ಚೇಂದ್ರನೊಬ್ಬ ನೋಡಿದ, ನೋಡಿ ನಕ್ಕ. ನೀರಿನ ಪಟ್ಟಿ ಹಾಗಲ್ಲ, ಅದನ್ನು ಊರೇ ಫೋನಿನಲ್ಲಿ ನೋಡುತ್ತಿತ್ತು.

ಮೊದಮೊದಲು ನೀರು ಬಿಡುವ ದೇವಿಂದ್ರಪ್ಪನೇ ಎಲ್ಲ ಓಣಿಗೂ ‘ಬಂತು’ ಎಂದು ಒತ್ತುತ್ತಿದ್ದ. ಭೀಮನಗರದ ನಳದಲ್ಲಿ ಹನಿ ಇಲ್ಲದಿದ್ದರೂ ಪಟ್ಟಿಯಲ್ಲಿ ದಿನಾ ನೀರು. ಹೇಳಿದ್ದು ಮಾಡುವ ಬಡಪಾಯಿ, ಅವನನ್ನು ಬೈದು ಏನು ಬಂತು. ಆದರೂ ರತ್ನಮಾಲಾಳಿಗೆ ಮೈ ಉರಿದು, ಕೂತು ನಿಯಮವನ್ನೇ ಬದಲಿಸಿದಳು: ಆಯಾ ಓಣಿಯ ಮೂರು ಮನೆಯವರು ತಮ್ಮ ಫೋನಿನಿಂದ ಒತ್ತಿದರೆ ಮಾತ್ರ ನೀರು ಬಂದ ಹಾಗೆ. ಅವತ್ತಿನಿಂದ ಭೀಮನಗರ ಏರುತ್ತ ಏರುತ್ತ ಹೋಗಿ ಮೊದಲ ಸಾಲಿನಲ್ಲಿ ಕೂತಿತು.

ಮರುದಿನ ಗುರುವಾರ ತಾಲೂಕಿನ ಸಾಹೇಬರು ಬಂದು ಟಿವಿಯ ಉದ್ಘಾಟನೆ ಮಾಡುವವರಿದ್ದರು. ಅಷ್ಟರೊಳಗೆ ಆ ಹೆಸರು ಇಳಿಯದಿದ್ದರೆ ಪತ್ರಕ್ಕೆ ಶಿಕ್ಕಾ ಬೀಳುವುದಿಲ್ಲ ಎಂದ ಮಾಲಿಪಾಟೀಲ. ಆಮೇಲೆ ಮೀಸೆಯಲ್ಲೇ ನಕ್ಕು ದೇವಿಂದ್ರಪ್ಪನ ಕಡೆ ತಿರುಗಿದ.

“ನೀರ ಬೇಕಂತ ಈಕೀಗಿ. ನಾಳಿ ಸಾಹೇಬ್ರು ಬಂದಾಗ ಕಾಲು ತಾಸು ಬಿಡು. ಮಕಾ ತೊಳ್ಕೊಂಡು ಒತ್ತಲಿ.”

ಭೀಮನಗರದಲ್ಲಿ ಅರವತ್ತು ಮನೆ.

ಗುರುವಾರ ಸಾಹೇಬರು ಬಂದರು, ಹಾರ ಬಿತ್ತು, ಚಹಾ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು, ಮೆಟ್ಟಿಲ ಮೇಲಿನವಳಿಗೆ ಕಾಗದದ ಲೋಟ. ಇದನ್ನು ಮಾಡಿದವರು ಯಾರೆಂದು ಸಾಹೇಬರು ಕೇಳಿದಾಗ ಮಾಲಿಪಾಟೀಲ ತನ್ನ ಅಳಿಯ ಅನೀಲಕುಮಾರನ ಬೆನ್ನು ತಟ್ಟಿದ. ಹೊರಗೆ ಕೂತಾಕಿ ಬರೀ ಟೈಪಿಂಗ್ ಮಾಡಿಕೊಟ್ಟಾಳ ಎಂದ. ಅನೀಲಕುಮಾರನಿಗೆ ರಿಮೋಟು ಹಿಡಿಯುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ರತ್ನಮಾಲಾ ಬಾಗಿಲಾಚೆಯಿಂದಲೇ ಮೇಜಿನತ್ತ ನೋಡಿದಳು. ಅಲ್ಲಿ ಶಿಕ್ಕಾಕ್ಕೆ ಕಾದಿದ್ದ ಪತ್ರದಲ್ಲಾದರೂ ಹೆಸರು ಅವಳದೇ ಇತ್ತು.

ಹತ್ತಕ್ಕೆ ಭೀಮನಗರಕ್ಕೆ ನೀರು ಬಿಟ್ಟರು. ಎಲ್ಲರೂ ಟಿವಿ ನೋಡುತ್ತ ನಿಂತರು. ಐದು ನಿಮಿಷವಾಯಿತು, ಹತ್ತಾಯಿತು, ಕಾಲು ತಾಸು ಮುಗಿಯುತ್ತ ಬಂತು, ಮೊದಲ ಸಾಲು ಕದಲಲಿಲ್ಲ. ಮಾಲಿಪಾಟೀಲ ಕಣ್ಣಲ್ಲೇ ತಿನ್ನುವ ಹಾಗೆ ಬಾಗಿಲ ಕಡೆ ನೋಡಿದ. ರತ್ನಮಾಲಾ ಅವ್ವ ಸುಮನಬಾಯಿಗೆ ಫೋನು ಹಚ್ಚಿದಳು. ಆ ಕಡೆ ಕೊಡಗಳ ಸದ್ದು, ಹೆಂಗಸರ ಗದ್ದಲ.

“ನೀರ ಬಂದದೇನವ್ವ?”

“ಬಂದದ. ಕಿರಿಬೆರಳಷ್ಟ ಧಾರಿ. ಒಂಬತ್ತ ಕೊಡ ಆಗ್ಯಾವ.”

“ಯಾರೂ ಒತ್ತಿಲ್ಲೇನು?”

“ಒತ್ತಂಗಿಲ್ಲ ಅಂತ ಕುಂತಾರ. ಹದಿನಾಲ್ಕ ದಿನ ಬಾವಿಗಿ ಹೋಗಿ ಬಂದ ಸೊಂಟ ನಮ್ದು. ಕಾಲು ತಾಸಿಗಿ ಅದನ್ನ ಅಳಸಬೇಕೇನು?” ಅವ್ವ ಗದ್ದಲದಿಂದ ಆಚೆ ಬಂದಳೆಂದು ಕಾಣುತ್ತದೆ, ದನಿ ತಗ್ಗಿತು. “ನಿನ್ನ ಕಾಗದ ನನಗ ನೆನಪದ, ಮಗಳ. ನೀ ಒತ್ತು ಅಂದ್ರ ಇವ್ರ ಕಾಲ ಬಿದ್ದು ಒತ್ತಸ್ತೀನಿ. ಹೇಳು.”

ರತ್ನಮಾಲಾ ಬ್ಯಾಡವ್ವ ಎಂದು ಫೋನಿಟ್ಟಳು.

ಮಾಲಿಪಾಟೀಲ ಬಾಗಿಲಿಗೆ ಬಂದು ಬಗ್ಗಿ ಕಿವಿಯಲ್ಲಿ ಹೇಳಿದ: “ನಿನ್ನ ಕೈಲೆ ಇಳಸು. ಒಂದ ನಿಮಿಷದ ಕೆಲಸ. ಶಿಕ್ಕಾ ಹೊಡೀತೀನಿ.”

ಒಂದು ನಿಮಿಷದ ಕೆಲಸವೇ, ನಿಜ. ನೀರು ಬಂದದ್ದೂ ನಿಜ. ಬಂದದ್ದನ್ನು ಬಂದಿಲ್ಲ ಎನ್ನುವ ಪಟ್ಟಿ ಅವಳಿಗೂ ಬೇಡವಾಗಿತ್ತು. ಅವಳು ಲ್ಯಾಪ್‌ಟಾಪು ಎತ್ತಿಕೊಂಡು ಎದ್ದು, ಚಪ್ಪಲಿ ಬಿಟ್ಟು, ಯಾರೂ ಕರೆಯದೆ ಒಳಗೆ ಬಂದಳು. ಸಾಹೇಬರ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂತಳು. ಯಾರೋ ಕೆಮ್ಮಿದರು. ಅವಳು ಟೈಪು ಮಾಡತೊಡಗಿದ್ದನ್ನು ನೋಡಿ ಮಾಲಿಪಾಟೀಲ ನೆಮ್ಮದಿಯಿಂದ ಶಿಕ್ಕಾ ತೆಗೆದು ಮಸಿಗೆ ಅದ್ದಿದ.

ಟಿವಿ ಒಮ್ಮೆ ಕಪ್ಪಾಗಿ ಮತ್ತೆ ಹೊತ್ತಿಕೊಂಡಿತು. ಭೀಮನಗರ ಇದ್ದಲ್ಲೇ ಇತ್ತು. ಅದರ ಬುಡದಲ್ಲಿ ಕೆಂಪಕ್ಷರ ಬಂದಿದ್ದವು. ಸಾಹೇಬರು ಕನ್ನಡಕ ಏರಿಸಿ, ಏನೋ ಒಳ್ಳೆಯದೇ ಇರಬೇಕೆಂದು, ಗಟ್ಟಿಯಾಗಿ ಓದಿದರು:

‘ಹದಿನಾಲ್ಕನೇ ದಿನ, ಸಾಹೇಬರು ಬಂದಿದ್ದರಿಂದ, ಕಾಲು ತಾಸು ನೀರು. ಅರವತ್ತು ಮನೆಗೆ ಒಂಬತ್ತು ಕೊಡ. ಈ ಪಟ್ಟಿ ಮಾಡಿದವಳು ಭೀಮನಗರದ ರತ್ನಮಾಲಾ ಮಚ್ಚೇಂದ್ರ.’

“ಆರಸೋ ಅದನ್ನ, ಸೂಳೇಮಗನ!” ಮಾಲಿಪಾಟೀಲ ಅಳಿಯನ ಮೇಲೆ ಹರಿಹಾಯ್ದ. ಅನೀಲಕುಮಾರ ತಡಕಾಡಿ ಗುಂಡಿ ಒತ್ತಿದ, ಟಿವಿ ಆರಿತು. ಅಂಗಳದಲ್ಲಿ ನಿಂತವರೆಲ್ಲ ಆಗಲೇ ತಮ್ಮ ತಮ್ಮ ಫೋನು ತೆಗೆದು ಅದನ್ನೇ ಓದುತ್ತಿದ್ದರು. ದೇವಿಂದ್ರಪ್ಪನೂ ಓದುತ್ತಿದ್ದ.

ರತ್ನಮಾಲಾ ಶಿಕ್ಕಾ ಇಲ್ಲದ ಪತ್ರವನ್ನು ಮೇಜಿನಿಂದ ಎತ್ತಿಕೊಂಡು ನಾಲ್ಕಾಗಿ ಮಡಚಿದಳು. ಚಪ್ಪಲಿ ಮೆಟ್ಟಿ ನಡೆದಳು. ಹಿಂದಿನಿಂದ ಬೈಗುಳ ರಸ್ತೆಯವರೆಗೂ ಬಂತು.

ಹುಮ್ನಾಬಾದಿನ ಬಸ್ಸು ಭೀಮನಗರದ ಮುಂದೆಯೇ ಹಾಯುತ್ತದೆ. ಕಿಟಕಿಯಿಂದ ನೋಡಿದಳು. ನಳದ ಸುತ್ತ ಖಾಲಿ ಕೊಡಗಳ ಸಾಲು, ಹೆಂಗಸರೆಲ್ಲ ಫೋನು ಒತ್ತದೆ ಸೆರಗಿಗೆ ಕಟ್ಟಿಕೊಂಡು ನಿಂತಿದ್ದರು. ಹತ್ತನೆಯ ಕೊಡ ನಳದ ಕೆಳಗೆ ಅರ್ಧಕ್ಕೇ ನಿಂತಿತ್ತು.