ಎಂಟು ಸಾಕು

ಜಯಾ ಒಣ ಅರಿವೆಯಿಂದ ಸರ್ವರಿನ ಮೇಲಿನ ಕಪ್ಪು ಧೂಳು ಒರೆಸುತ್ತಿದ್ದಳು. ತಾರಿಹಾಳದ ಆ ವಾಲ್ವ್ ಕಾರ್ಖಾನೆಯಲ್ಲಿ ಕಿಟಕಿ ಬಾಗಿಲು ಮುಚ್ಚಿದರೂ ಎರಕದ ಧೂಳು ಆಫೀಸಿನೊಳಗೆ ಬರುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಕಂಪ್ಯೂಟರ್ ಕಂಪನಿಯ ಶಶಿಕುಮಾರ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. 

ಲೆಕ್ಕದ ಸಾಫ್ಟ್‌ವೇರ್ ಹೊಸದಾಗಲಿತ್ತು. ಅದರ ಡೇಟಾಬೇಸಿನ ಭಾರವನ್ನು ಹಳೇ ಮಷಿನ್ ತಾಳದು. ಹೊಸದು ಎಷ್ಟು ದೊಡ್ಡದು ಬೇಕೆಂದು ಅಳತೆ ತೆಗೆಯಲು ಅವನು ಬಂದಿದ್ದ. ಅಷ್ಟು ಜಯಾಳಿಗೆ ಗೊತ್ತಿತ್ತು. ಆದರೆ ಮಷಿನ್ ಅಳೆಯುವವನು ಆಫೀಸಿನವರ ಹೆಸರುಗಳು ಮೂಡುವ ಪರದೆಯನ್ನೇ ಯಾಕೆ ದಿಟ್ಟಿಸಬೇಕು?

ಏಳನೇ ಇಯತ್ತೆಗೇ ಶಾಲೆ ಬಿಟ್ಟು ಇಲ್ಲಿ ಕಸ ಹೊಡೆಯಲು ಸೇರಿದ್ದಳು. ನೋಡಿನೋಡಿಯೇ ಕಂಪ್ಯೂಟರ್ ಕಲಿತು, ಲಾರಿಗೆ ಏರುವ ಮಾಲಿನ ಎಂಟ್ರಿ ಮಾಡುವ ಕುರ್ಚಿಗೆ ಬಂದದ್ದು ಹೋದ ವರ್ಷ. ಒರೆಸುವ ಕೆಲಸ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಮಾಲಕ ಅರ್ಜುನಪ್ಪನವರ ಕೋಣೆಗೆ ಚಹಾ ಒಯ್ದಾಗ ಬಾಗಿಲ ಹೊರಗೇ ಅವಳ ಕಾಲು ನಿಂತಿತು.

“ಹದಿನಾರು ಯಾಕ ಬೇಕ್ರಿ? ಎಂಟು ಸಾಕು. ಉಳಿದವು ಸುಮ್ನ ಕುಂತಿರ್ತಾವ,” ಶಶಿಕುಮಾರನ ಧ್ವನಿ.

“ಹಂಗಾದ್ರ ಎಂಟ ಇಟ್ಟು ಬಿಡೂಣು. ಆದ್ರೂ ಒಂದ ವಾರ ಛಲೋತ್ನಂಗ ನೋಡ್ರಿ.”

ಆಫೀಸಿನಲ್ಲಿದ್ದವರು ಹದಿನಾರು ಮಂದಿ. ‘ಕುಂತಿರ್ತಾವ’ ಅಂದದ್ದೂ ಅವಳಿಗೆ ಹೊಸದೆನಿಸಲಿಲ್ಲ. ಸಿಟ್ಟು ಬಂದಾಗ ಅರ್ಜುನಪ್ಪನವರೂ ‘ಬಂದಾವೇನು, ಉಂಡಾವೇನು’ ಎಂದೇ ಕೇಳುತ್ತಿದ್ದರು. ದನಕ್ಕೂ ಅದೇ ಮಾತು, ಆಳಿಗೂ ಅದೇ ಮಾತು.

ಎಂಟು ಮಂದಿಯನ್ನು ಕೆಲಸದಿಂದ ತೆಗೆಯುತ್ತಾರೆಂದು ಅಕೌಂಟ್ಸಿನ ಶಿವಬಸವ್ವನ ಕಿವಿಯಲ್ಲಿ ಹೇಳಿದಳು.

“ಖರೇನ? ನೀ ಸರಿ ಕೇಳೀಯಿಲ್ಲೋ?”

“ಕಿವಿಯಾರೆ ಕೇಳೇನ್ರಿ ಅಕ್ಕಾರ.”

“ಇವನ ಬಾಯಾಗ ಮಣ್ಣು ಹಾಕ! ಸುಮ್ನ ಕುಂತೋರು ಯಾರು ಅನ್ನೂದು ತೋರಸೂಣು ತಡಿ.”

ಆ ವಾರ ಯಾರೂ ಸುಮ್ಮನೆ ಕೂರಲಿಲ್ಲ. ಬೇಡದ ವರದಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಎಂದೋ ಹೋದ ಮಾಲನ್ನು ಇಂದು ಹುಡುಕಿದರು. ಜಯಾ ಎಡಗೈಯಿಂದ ಕೀಬೋರ್ಡಿನ ಕೀಲಿ ಒತ್ತುತ್ತಲೇ ಬಲಗೈಯಿಂದ ರೊಟ್ಟಿ ಮುರಿದಳು. ಸರ್ವರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗುರುಗುಟ್ಟಿತು. ಶಶಿಕುಮಾರ ಸುಳಿದರೆ ತಲೆಗಳು ಇನ್ನಷ್ಟು ಬಾಗುತ್ತಿದ್ದವು.

“ಸರ್, ನೀವೂ ಏನರ ಕೆಲಸಾ ಮಾಡ್ರಿ. ಬರೇ ಸ್ಟೂಲ್ ಕಾಯಾಕತ್ತೀರಿ,” ಎಂದು ಶಿವಬಸವ್ವ ಕುಟುಕಿದಳು.

ಶನಿವಾರ ಅರ್ಜುನಪ್ಪನವರು ಹೊರಗೆ ಬಂದು ಎಲ್ಲರ ನಡುವೆ ನಿಂತರು.

“ನನ್ನ ಅಂದಾಜು ತಪ್ಪಿತ್ರಿ,” ಎಂದ ಶಶಿಕುಮಾರ. “ಇಷ್ಟು ಕೆಲಸಕ್ಕ ಎಂಟು ಕೋರ್ ಸಾಲೂದಿಲ್ಲ. ಹದಿನಾರ ಬೇಕು.”

ಗೆದ್ದೆವೆಂದು ಶಿವಬಸವ್ವ ಜಯಾಳ ಸೊಂಟಕ್ಕೆ ತಿವಿದಳು. ಆಮೇಲೆ ಕೈ ಅಲ್ಲೇ ನಿಂತಿತು. “ಕೋರ್ ಅಂದ್ರೇನ್ರಿ?”

“ಮಷಿನ್ನಿನ ಒಳಗ ಕೆಲಸಾ ಮಾಡೂ ಭಾಗರಿ. ಒಂದೊಂದಕ್ಕೂ ಬ್ಯಾರೆ ಲೈಸೆನ್ಸ್, ಬ್ಯಾರೆ ರೊಕ್ಕ. ಯಾಕ್ರಿ, ನೀವೇನ ತಿಳಕೊಂಡಿದ್ರಿ?”

ಶಿವಬಸವ್ವ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಲೈಸೆನ್ಸಿನ ಖರ್ಚು ಡಬಲ್ ಆತು. ಎಲ್ಲ್ಯರ ಕಡಿಮಿ ಮಾಡಬೇಕಲ್ಲ,” ಎಂದರು ಅರ್ಜುನಪ್ಪನವರು. ಅವರ ಕಣ್ಣು ಮೇಜಿನಿಂದ ಮೇಜಿಗೆ ಸರಿದು ಕಿಟಕಿಯ ಹತ್ತಿರದ ಕೊನೆಯ ಮೇಜಿನ ಮೇಲೆ ನಿಂತಿತು. “ಮಾಲಿನ ಎಂಟ್ರಿ ಗೋಡೌನಿನವರ ಮಾಡ್ಕೋಲಿ. ಜಯಾ, ಸೋಮವಾರದಿಂದ ನೀ ಮೊದಲಿನಂಗ ಕಸಾ ನೋಡ್ಕೋ.”

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಯಾರೂ ಕೀಲಿ ಮುಟ್ಟಲಿಲ್ಲ. ಶಿವಬಸವ್ವ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಮೂಲೆಯಲ್ಲಿ ಸರ್ವರಿನ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ಮೊದಲಿನ ಹಾಗೆ ಸಣ್ಣಗಾಯಿತು.

ಶಶಿಕುಮಾರ ವಾಯರು ಸುತ್ತುತ್ತಿದ್ದ. ಜಯಾ ಅರಿವೆ ಹಿಡಿದುಕೊಂಡೇ ಅವನ ಸ್ಟೂಲಿನ ಹತ್ತಿರ ಹೋಗಿ ನಿಂತಳು.

“ಸರ್, ಈಗ ಇನ್ನೊಂದ ಸಲ ಅಳತಿ ತಗೋರಿ.”